ಆಡುಸೋಗೆ ಹಾಕು ಕಣಮ್ಮ

ಹೊಸ ಮನೆಯ ಹಿತ್ತಲಲ್ಲಿ ನಾಲ್ಕಡಿ ಜಾಗ ಉಳಿದಿದೆ, ಔಷಧಿ ಗಿಡ ಯಾವುದು ಹಾಕಲಿ ದೊಡ್ಡಪ್ಪ ಅಂತ ಕೇಳಿದೆಯಲ್ಲ. ಆಡುಸೋಗೆ ಹಾಕು ಕಣಮ್ಮ. ತುಳಸಿ, ದೊಡ್ಡಪತ್ರೆ ಹೇಗೂ ಕುಂಡದಲ್ಲಿ ಬರುತ್ತವೆ. ನೆಲ ಇದ್ದವರು ಪೊದೆಯಾಗುವಂಥದ್ದನ್ನು ಹಾಕಬೇಕು. ಇದರ ವಾಸನೆಗೆ ದನ ಬಾಯಿ ಹಾಕುವುದಿಲ್ಲ, ಆಡು ಕೂಡ ಮೂಸಿ ಮುಂದೆ ಹೋಗುತ್ತದೆ. ಹಳ್ಳಿ ಕಡೆ ಬೇಲಿಗೆ ಇದನ್ನು ನೆಡುತ್ತಿದ್ದುದೂ ಅದಕ್ಕೇ.

ನರ್ಸರಿಗೆ ದುಡ್ಡು ಸುರಿಯಬೇಡ. ಚಳಿಗಾಲದಲ್ಲಿ ಹೂ ಬಿಟ್ಟಾಗ ಗಿಡ ಗುರುತು ಮಾಡಿಕೋ: ಬಿಳಿ ಹೂವು, ಎರಡು ತುಟಿ, ಕೆಳತುಟಿಯ ಮೇಲೆ ನೇರಳೆ ಗೆರೆಗಳು. ಎಲೆ ಉದ್ದವಾಗಿ, ತುದಿ ಚೂಪಾಗಿ, ಎದುರುಬದುರು ಜೋಡಿಯಾಗಿರುತ್ತದೆ. ಬಾಯಿಗೆ ಹಾಕುವ ಗಿಡ, ಅಂದಾಜಿನ ಮೇಲೆ ತರುವಂಥದ್ದಲ್ಲ. ಗುರುತು ಸಿಕ್ಕಿತೋ, ಮಳೆಗಾಲಕ್ಕೆ ಹೋಗಿ ಕೇಳಿ ಕಡ್ಡಿ ತಾ.

ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಗೆಣ್ಣಿರುವ, ಗೇಣುದ್ದದ ಕಡ್ಡಿ ಸಾಕು. ಎಳೆ ತುದಿ ಕೊಳೆಯುತ್ತದೆ, ಹಣ್ಣಾದ ಬುಡ ಬೇರು ಬಿಡಲು ಸತಾಯಿಸುತ್ತದೆ, ನಡುವಿನದೇ ಸರಿ. ಕೆಳತುದಿಯನ್ನು ಗೆಣ್ಣಿನ ಕೆಳಗೇ ಓರೆಯಾಗಿ ಕತ್ತರಿಸು, ಮೇಲ್ತುದಿಯನ್ನು ನೇರವಾಗಿ. ಎಲೆ ಉದುರಿದ ಕಡ್ಡಿ ಕೈಯಲ್ಲಿ ಹಿಡಿದಾಗ ತಲೆ ಯಾವುದು, ಬುಡ ಯಾವುದು ಅಂತ ಗಲಿಬಿಲಿ ಆಗುವುದಿಲ್ಲ. ಎರಡು ಗೆಣ್ಣು ಮಣ್ಣೊಳಗೆ ಹೋಗಲಿ. ಕಾಂಪೌಂಡ್ ಗೋಡೆಗೆ ಅಂಟಿಸಿ ನೆಡಬೇಡ, ಆಳೆತ್ತರ ದಾಟುವ ಪೊದೆ ಅದು.

ಚಿಗುರು ನಿಲ್ಲುವ ತನಕ ಮಣ್ಣು ಒಣಗಕೂಡದು. ಆಮೇಲೆ ಮುದ್ದು ಮಾಡಬೇಡ. ನೀರು ನಿಂತರೆ ಬೇರು ಕೊಳೆಯುತ್ತದೆ. ಬಿಸಿಲು, ಅರೆ ನೆರಳು ಎರಡಕ್ಕೂ ಒಗ್ಗಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬುಡಕ್ಕೆ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ, ಅಷ್ಟೇ.

ಇದಕ್ಕೆ ನಿಜವಾಗಿ ಬೇಕಾದ್ದು ಕತ್ತರಿ. ಈಗಿನವರು ಗಿಡ ಕತ್ತರಿಸು ಅಂದರೆ ಮಗುವಿನ ಕೂದಲು ತೆಗೆಸಿದಷ್ಟು ಸಂಕಟಪಡುತ್ತೀರಿ. ಬಿಟ್ಟರೆ ಕೆಳಗೆಲ್ಲ ಬೋಳಾಗಿ ಮೇಲೆ ಮಾತ್ರ ಸೊಪ್ಪು ಹೊತ್ತುಕೊಂಡು ನಿಲ್ಲುತ್ತದೆ. ಹೂವು ಮುಗಿದ ಮೇಲೆ ಸೊಂಟದ ಮಟ್ಟಕ್ಕೆ ಇಳಿಸು, ಗೆಣ್ಣುಗೆಣ್ಣಿಗೂ ಕವಲೊಡೆಯುತ್ತದೆ. ಕತ್ತರಿಸಿದ ಸೊಪ್ಪನ್ನು ಕಸದ ಗಾಡಿಗೆ ಹಾಕಬೇಡ. ಬೇರೆ ಗಿಡಗಳ ಬುಡಕ್ಕೆ ಹಾಕು, ಒಳ್ಳೆಯ ಹಸಿರುಗೊಬ್ಬರ.

ಇನ್ನು ಔಷಧಿ ವಿಚಾರ. ಇದರ ಎಲೆಯಲ್ಲಿ ವ್ಯಾಸಿಸಿನ್ ಅಂತ ಒಂದು ಅಂಶವಿದೆ. ಕಫ ತೆಳ್ಳಗಾಗಲೆಂದು ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಸಿರಪ್ಪುಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಅದರ ಜಾಡು ಹಿಡಿದು. ಹಸಿ ಎಲೆ ಜಜ್ಜಿದರೆ ರಸ ಬರುವುದು ಕಷ್ಟ. ಆವಿಯಲ್ಲಿ ಬಾಡಿಸಿ ಹಿಂಡಿದರೆ ಕಡುಹಸಿರು ರಸ ಇಳಿಯುತ್ತದೆ. ಅದಕ್ಕೆ ಜೇನುತುಪ್ಪ ಸೇರಿಸಿ ನೆಕ್ಕುವುದು ಹಳೆಯ ಪದ್ಧತಿ. ಕಹಿ ಅಂದರೆ ಕಹಿ! ಎಷ್ಟು, ಎಷ್ಟು ದಿನ ಅನ್ನುವುದನ್ನು ಆಯುರ್ವೇದ ವೈದ್ಯರನ್ನೇ ಕೇಳು, ನನ್ನನ್ನಲ್ಲ.

ನಿನ್ನ ನಾದಿನಿ ಬಸುರಿ ಅಂದೆಯಲ್ಲ, ಅವಳಿಗೆ ಮಾತ್ರ ಒಂದು ತೊಟ್ಟೂ ಬೇಡ. ಗರ್ಭಕೋಶ ಸಂಕುಚಿಸುವಂತೆ ಮಾಡುವ ಗುಣ ಇದಕ್ಕಿದೆ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ಬೆರೆಸಿದ್ದು ಯಾವುದೂ ಕೂಡದು. ಅತ್ತೆ ಮಾವ ಏನೇ ಹೇಳಲಿ, ಈ ಎರಡರಲ್ಲಿ ದಾಕ್ಷಿಣ್ಯ ಬೇಡ.

ಕೆಮ್ಮು ಎರಡು ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ, ಹಿತ್ತಲ ಕಡೆ ಹೋಗಲೇಬೇಡ. ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸು. ಕ್ಷಯದ ಪರೀಕ್ಷೆಗೂ ಮಾತ್ರೆಗೂ ಅಲ್ಲಿ ದುಡ್ಡು ಕೊಡಬೇಕಾಗಿಲ್ಲ.