ಕುದುರೆಮರಿಗೆ ಕುದುರೆಯೇ ಬೇಕು

ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ರಾಮದುರ್ಗ, ಸವದತ್ತಿ ಕಡೆಯ ಎರೆಹೊಲಗಳಲ್ಲಿ ಕುರಿಹಿಂಡುಗಳು ಬೀಡು ಬಿಡುತ್ತವೆ. ಹಿಕ್ಕೆ ಗೊಬ್ಬರಕ್ಕಾಗಿ ಹೊಲದವರೇ ಕುರುಬರನ್ನು ಕರೆಸಿಕೊಳ್ಳುತ್ತೇವೆ. ಹಿಂಡಿನ ಜೊತೆ ಕುದುರೆ ಇದ್ದೇ ಇರುತ್ತದೆ. ಹಾಸಿಗೆ, ಪಾತ್ರೆ, ಬಲೆ, ನಡೆಯಲಾರದ ಎಳೆಮರಿಗಳು ಎಲ್ಲವೂ ಅದರ ಬೆನ್ನ ಮೇಲೆಯೇ ಊರೂರು ದಾಟಬೇಕು. ಅಂಥದೊಂದು ಕುದುರೆ ಮಲಪ್ರಭೆ ದಂಡೆಯ ನಮ್ಮ ಹೊಲದಲ್ಲಿ ಈದು, ರಕ್ತ ನಿಲ್ಲದೆ ಸತ್ತಿತು. ಹಿಂಡು ಮುಂದೆ ಹೋಗಲೇಬೇಕಿತ್ತು. ಮರಿ ನಮ್ಮಲ್ಲಿ ಉಳಿಯಿತು.

ಅದು ಬದುಕಿದ್ದು ಕುರುಬರ ಹಿರಿಯಾಕೆಯಿಂದ. ಕುದುರೆಗೆ ಇನ್ನೂ ಜೀವ ಇರುವಾಗಲೇ ಆಕೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೇ ಮೊಲೆಯ ಆ ಸಣ್ಣ ಕೆಚ್ಚಲಿಂದ ಗಿಣ್ಣದ ಹಾಲನ್ನು ಚರಿಗೆಗೆ ಹಿಂಡಿಕೊಂಡಳು. ಹಳದಿ ಬಣ್ಣದ, ಬೆರಳಿಗೆ ಅಂಟುವ ಹಾಲು. “ತಮ್ಮಾ, ಮೊದ್ಲ ಇದನ್ನ ಕುಡಸು. ಉಳಿದದ್ದೆಲ್ಲಾ ಆಮ್ಯಾಲ” ಅಂದಳು. ಪಶುವೈದ್ಯರು ಹೇಳಿದ್ದೂ ಅದನ್ನೇ. ಕುದುರೆಮರಿಗೆ ಗರ್ಭದಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಇಳಿಯುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಅದೂ ಮೊದಲ ಕೆಲವು ತಾಸಿನಲ್ಲೇ. 24 ತಾಸು ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಹೊಕ್ಕಳಿಗೆ ಅಯೋಡಿನ್ ಹಚ್ಚಿ ಅವರು ಹೋದರು.

ಹಾಲಿನದೇ ದೊಡ್ಡ ಚಿಂತೆ. ಕುದುರೆಯ ಹಾಲು ಆಕಳ ಹಾಲಿಗಿಂತ ತೆಳು, ಜಿಡ್ಡು ಕಡಿಮೆ, ಸಿಹಿ ಹೆಚ್ಚು. ಅದಕ್ಕೇ ಆಕಳ ಹಾಲಿನ ಕೆನೆ ತೆಗೆದು, ಲೀಟರಿಗೆ 20 ಗ್ರಾಂ ಗ್ಲೂಕೋಸ್ ಪುಡಿ ಬೆರೆಸಿ ಉಗುರುಬೆಚ್ಚಗೆ ಕೊಡುತ್ತಿದ್ದೆವು. ಬೆಲ್ಲ ಹಾಕೋಣ ಎಂದು ಅವ್ವ ಪಟ್ಟು ಹಿಡಿದಿದ್ದಳು. ಬೆಲ್ಲ, ಸಕ್ಕರೆ ಅರಗಿಸುವ ಶಕ್ತಿ ಎಳೆ ಕುದುರೆಮರಿಗೆ ಇಲ್ಲ, ಭೇದಿ ಹತ್ತುತ್ತದೆ. ಹಗಲು ರಾತ್ರಿ ಎರಡು ತಾಸಿಗೊಮ್ಮೆ ಸ್ವಲ್ಪಸ್ವಲ್ಪವೇ ಕುಡಿಸಬೇಕು. ಮರಿ ನಿಂತೇ ಕುಡಿಯಬೇಕು, ಬಾಟಲಿ ಅದರ ತಲೆಗಿಂತ ಕೆಳಗಿರಬೇಕು. ಗದ್ದ ಮೇಲೆತ್ತಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಬಕೆಟ್ಟಿನಲ್ಲಿ ಕುಡಿಯಲು ಕಲಿತ ಮೇಲೆ ನಮಗೂ ನಿದ್ದೆ ಸಿಕ್ಕಿತು.

ಹಾಲು ಕುಡಿಸಿ ಬದುಕಿಸಬಹುದು. ಆದರೆ ಕುದುರೆಯಾಗಿ ಬೆಳೆಸುವುದು ಮನುಷ್ಯನ ಕೈಲಾಗುವ ಕೆಲಸವಲ್ಲ ಎಂಬುದು ನನಗೆ ಮನದಟ್ಟಾದದ್ದು ಆಮೇಲೆ. ಮರಿ ನಮ್ಮ ಹಿಂದೆಯೇ ಅಡುಗೆಮನೆ ಬಾಗಿಲತನಕ ಬರುತ್ತಿತ್ತು. ಮಕ್ಕಳ ಹೆಗಲ ಮೇಲೆ ಮುಂಗಾಲು ಹಾಕಿ ನಿಲ್ಲುತ್ತಿತ್ತು. ಓಣಿಯವರೆಲ್ಲ ನೋಡಿ ನಕ್ಕರು. ನನಗೆ ದಿಗಿಲಾಯಿತು. ಇಪ್ಪತ್ತು ಕಿಲೋ ಮರಿಯ ಆಟ ಅದು, ಇನ್ನೂರು ಕಿಲೋ ಆದ ಮೇಲೆ ಎಲುಬು ಮುರಿಯುತ್ತದೆ. ಮನುಷ್ಯರನ್ನು ತನ್ನ ಜಾತಿಯವರೆಂದೇ ನಂಬಿದ ಪ್ರಾಣಿಗೆ ಅಂಜಿಕೆ ಎಲ್ಲಿಂದ ಬರಬೇಕು?

ಹಿರಿಯಾಕೆಯ ಮಗನಿಗೆ ಫೋನ್ ಮಾಡಿದೆ. ಹೇರು ಹೊರಲಾರದ ಮುದಿ ಹೆಣ್ಣುಕುದುರೆಯೊಂದನ್ನು ಹೊಡಕೊಂಡು ಬಂದು ಕಟ್ಟಿ ಹೋದ. ಮರಿ ಅದರ ಮೇಲೂ ಏರಲು ಹೋಯಿತು. ಮುದುಕಿ ಕಿವಿ ಹಿಂದಕ್ಕೆ ಒತ್ತಿ, ಕುತ್ತಿಗೆಗೆ ಬಾಯಿ ಹಾಕಿ ನೂಕಿತು. ಮರಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ತುಟಿ ಎಳೆದು ಹಲ್ಲುಗಳನ್ನು ಟಪಟಪ ಬಡಿಯತೊಡಗಿತು. ನಾನು ಸಣ್ಣವನು, ಹೊಡೆಯಬೇಡ ಎಂದು ಮರಿಗಳು ದೊಡ್ಡ ಕುದುರೆಗಳ ಮುಂದೆ ಬೇಡಿಕೊಳ್ಳುವ ರೀತಿ ಅದು. ನಮ್ಮ ಯಾರ ಮುಂದೆಯೂ ಅದು ಹಾಗೆ ಮಾಡಿರಲಿಲ್ಲ.

ಮುದುಕಿಯ ಲದ್ದಿಯನ್ನು ಮರಿ ತಿನ್ನುವುದು ಕಂಡು ಅವ್ವ ಕೋಲು ಹಿಡಿದಳು. ನಾನೇ ತಡೆದೆ. ಮೇವು ಅರಗಿಸಲು ಬೇಕಾದ ಸೂಕ್ಷ್ಮಜೀವಿಗಳು ಮರಿಯ ಹೊಟ್ಟೆ ಸೇರುವುದೇ ಹಾಗೆ. ದಿನ ಕಳೆದಂತೆ ಅದು ಬಕೆಟ್ಟಿನ ಸದ್ದಿಗೆ ಮಾತ್ರ ನಮ್ಮ ಕಡೆ ಬರುತ್ತಿತ್ತು, ಉಳಿದ ಹೊತ್ತು ಮುದುಕಿಯ ಬಗಲಲ್ಲಿ. ಮಕ್ಕಳಿಗೆ ಬೇಸರ. ನನಗೆ ಜೀವದಲ್ಲಿ ಜೀವ ಬಂದಂತಾಯಿತು.

ಮರುವರ್ಷ ಹಿರಿಯಾಕೆ ಬಂದು ಮರಿಯ ಕಾಲು, ಬೆನ್ನು ಸವರಿ ನೋಡಿದಳು. ಮೂರು ವರ್ಷ ತುಂಬುವತನಕ ಹೇರು ಹಾಕುವುದಿಲ್ಲ ಎಂದು ತಾನಾಗೇ ಹೇಳಿದಳು. ಹಾಲಿನ ಲೆಕ್ಕ ಎಷ್ಟಾಯಿತು ಎಂದೂ ಕೇಳಿದಳು. ದುಡ್ಡು ಬೇಡ ಅಕ್ಕಾ, ಮುದಿ ಕುದುರೆಯನ್ನು ನಮ್ಮಲ್ಲೇ ಬಿಡು ಅಂದೆ. ಅದಕ್ಕೆ ಇನ್ನು ಹಿಂಡಿನ ಜೊತೆ ತಿರುಗುವ ಶಕ್ತಿ ಇರಲಿಲ್ಲ, ನಮ್ಮಲ್ಲಿ ಮೇವಿಗೆ ಕೊರತೆ ಇರಲಿಲ್ಲ.