ಕಾಯುವುದಕ್ಕಿಂತ ತೋರಿಸುವುದು ಲೇಸು

ಮಗಳೇ, ಮಗು ಬೋರಲು ಬಿದ್ದರೆ, ಹೊಸ್ತಿಲು ದಾಟಿದರೆ ನಮ್ಮ ಮನೆಗಳಲ್ಲಿ ಸಿಹಿ ಮಾಡುತ್ತಾರೆ. ಮಗು ಯಾವ ತಿಂಗಳಲ್ಲಿ ಏನು ಮಾಡಿತು ಎಂದು ಗಮನಿಸುವುದು ನಮಗೆ ಹೊಸದೇನಲ್ಲ. ಆದರೆ ಆಗಬೇಕಾದ್ದು ಆಗದಿದ್ದಾಗ ಮಾತ್ರ ಮನೆಯವರೆಲ್ಲ ಸಮಾಧಾನ ಹೇಳುವುದಕ್ಕೆ ಶುರುಮಾಡುತ್ತಾರೆ. "ಅವರಪ್ಪನಿಗೂ ಮಾತು ತಡವಾಗಿಯೇ ಬಂತು", "ಗಂಡುಮಕ್ಕಳು ಹಾಗೇನೇ", "ನಾಲಿಗೆಗೆ ಬಜೆ ತಿಕ್ಕು" ಎನ್ನುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಮಿದುಳು ಅತಿ ವೇಗವಾಗಿ ಬೆಳೆಯುವುದು ಮೊದಲ ಮೂರು ವರ್ಷಗಳಲ್ಲಿ. ಆಗ ಕೊಟ್ಟ ತರಬೇತಿ ಹಿಡಿಯುವಂತೆ ಆಮೇಲೆ ಕೊಟ್ಟದ್ದು ಹಿಡಿಯುವುದಿಲ್ಲ.

ಕೆಲವನ್ನು ನೆನಪಿಟ್ಟುಕೊ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ಐದು ತಿಂಗಳಿಗೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೂ ಆಸರೆಯಿಲ್ಲದೆ ಕೂರದಿದ್ದರೆ ತಡಮಾಡಬೇಡ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ "ಅಮ್ಮ ಬಾ" ಎಂಬಂತೆ ಎರಡು ಪದ ಕೂಡಿಸದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸು. ಕಲಿತ ಮಾತು, ಕಲಿತ ಆಟ ಮರೆತುಹೋದರಂತೂ ವಯಸ್ಸು ಎಷ್ಟೇ ಇರಲಿ, ಕೂಡಲೇ ಹೋಗು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಲೆಕ್ಕ ಬೇರೆ: ಎರಡು ತಿಂಗಳು ಮೊದಲೇ ಹುಟ್ಟಿದ್ದರೆ, ಹತ್ತು ತಿಂಗಳಲ್ಲಿ ಅದನ್ನು ಎಂಟು ತಿಂಗಳ ಮಗುವೆಂದು ನೋಡಬೇಕು.

ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸು. ಕೇಳದ ಮಗು ಮಾತು ಕಲಿಯುವುದು ಹೇಗೆ? ಹುಟ್ಟಿದ ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ಖಚಿತತೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಆಗಬೇಕೆಂಬುದು ತಜ್ಞರು ಒಪ್ಪಿದ ಕ್ರಮ.

ದುಡ್ಡಿನ ಚಿಂತೆಯಿಂದ ಹಿಂಜರಿಯಬೇಡ. ಮಕ್ಕಳ ಉಚಿತ ತಪಾಸಣೆಗೆಂದೇ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರಂತೆ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. ಆ ದಿನ ಯಾವುದೆಂದು ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ ತಿಳಿದುಕೊ, ಮಗುವನ್ನು ತಪ್ಪದೆ ಕರೆದುಕೊಂಡು ಹೋಗು. ಸಂದೇಹ ಬಂದರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಮಾತು, ಶ್ರವಣದ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಡವಳಿಕೆ, ಬುದ್ಧಿ ಬೆಳವಣಿಗೆಯ ಸಂದೇಹಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ತಪಾಸಣೆಯೆಂದರೆ ಮಗುವಿಗೆ ಹಣೆಪಟ್ಟಿ ಹಚ್ಚುವುದಲ್ಲ. ನಿನ್ನನ್ನು ಒಂದಷ್ಟು ಪ್ರಶ್ನೆ ಕೇಳುತ್ತಾರೆ, ಮಗುವನ್ನು ಆಡಿಸಿ ನೋಡುತ್ತಾರೆ, ಅಷ್ಟೆ. ಸಂದೇಹ ಬಂದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಮುಂದಿನ ಪರೀಕ್ಷೆಯಲ್ಲಿ ಏನೂ ತೊಂದರೆಯಿಲ್ಲವೆಂದು ತಿಳಿಯುತ್ತದೆ. ತೊಂದರೆ ಇದ್ದರೂ ಅದು ನೀನು ಬಸಿರಲ್ಲಿ ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ ಬಂದದ್ದಲ್ಲ. ಹಾಗೆ ಯಾರಾದರೂ ಅಂದರೆ ಅಳಿಯಂದಿರು ಮುಂದೆ ನಿಂತು ತಡೆಯಬೇಕು, ಆಸ್ಪತ್ರೆಗೂ ಜೊತೆಗೆ ಬರಬೇಕು.

ಹೆತ್ತವಳ ಮನಸ್ಸಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಅದನ್ನು ನುಂಗಿಕೊಳ್ಳಬಾರದು. ಮುಂದಿನ ಲಸಿಕೆಗೆ ಹೋದಾಗ "ನನ್ನ ಮಗುವಿನ ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆಯೇ, ನೋಡಿ ಹೇಳಿ" ಎಂದು ಬಾಯಿಬಿಟ್ಟು ಕೇಳು. ಉತ್ತರ ಸಿಗುವವರೆಗೆ ಎದ್ದು ಬರಬೇಡ.