ಬೆಳಗಿನ ಜಾವದ ನಿದ್ದೆಗೆ ಕತ್ತರಿ ಬೇಡ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಿಮಗೆ ಗೊತ್ತು. ಆದರೆ ಸಂತೆಯಲ್ಲಿ ತೂಕಡಿಸುವುದಕ್ಕೂ ರಾತ್ರಿಯಿಡೀ ಹಾಸಿಗೆಯಲ್ಲಿ ಮಲಗುವುದಕ್ಕೂ ಬಹಳ ಅಂತರವಿದೆ. ರಾತ್ರಿಯ ನಿದ್ದೆ ಮೊದಲಿನಿಂದ ಕೊನೆಯವರೆಗೆ ಒಂದೇ ಬಗೆಯಾಗಿರುವುದಿಲ್ಲ. ಅದರಲ್ಲಿ ಹಂತಗಳಿವೆ, ಪ್ರತಿ ಹಂತಕ್ಕೂ ಅದರದೇ ಕೆಲಸವಿದೆ.

ಕಣ್ಣು ಚಲಿಸುವ ನಿದ್ದೆ

ನಿದ್ದೆಯಲ್ಲಿ ಮೆದುಳು ಸುಮ್ಮನೆ ವಿಶ್ರಮಿಸುತ್ತದೆ ಎಂದೇ ಬಹುಕಾಲ ನಂಬಲಾಗಿತ್ತು. 1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್ಸ್ಕಿ ಮತ್ತು ನೇಥನಿಯಲ್ ಕ್ಲೈಟ್‌ಮನ್ ಈ ನಂಬಿಕೆಯನ್ನು ಬದಲಿಸಿದರು. ಮಲಗಿದವರ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಆಗಾಗ ವೇಗವಾಗಿ ಚಲಿಸುವುದನ್ನು ಅವರು ದಾಖಲಿಸಿದರು. ಅಂಥ ಹೊತ್ತಿನಲ್ಲಿ 27 ಬಾರಿ ಎಬ್ಬಿಸಿ ಕೇಳಿದಾಗ 20 ಬಾರಿ ವಿವರವಾದ ಕನಸುಗಳ ವರ್ಣನೆ ಸಿಕ್ಕಿತು. ಕಣ್ಣು ಚಲಿಸದಿದ್ದಾಗ 23 ಬಾರಿ ಎಬ್ಬಿಸಿದರೆ 19 ಬಾರಿ ಏನೂ ನೆನಪಿರಲಿಲ್ಲ. ಇದೇ ರೆಮ್ ನಿದ್ದೆ, ಅಂದರೆ ಕನಸಿನ ನಿದ್ದೆ.

ರಾತ್ರಿಯ ಹಂತಗಳು

ಮಲಗಿದಾಗ ಮೊದಲು ಬರುವುದು ತೆಳು ನಿದ್ದೆ. ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ನಂತರದ್ದು ಎರಡನೇ ಹಂತ. ವಯಸ್ಕರ ರಾತ್ರಿಯ ಸುಮಾರು ಅರ್ಧ ಭಾಗ ಇದರಲ್ಲೇ ಕಳೆಯುತ್ತದೆ. ಮೂರನೆಯದು ಗಾಢ ನಿದ್ದೆ. ಆಗ ಮೆದುಳಿನ ವಿದ್ಯುತ್ ಅಲೆಗಳು ನಿಧಾನವಾಗುತ್ತವೆ, ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚು ಸ್ರವಿಸುತ್ತದೆ. ಕೊನೆಯದು ಕನಸಿನ ನಿದ್ದೆ. ಇದರಲ್ಲಿ ಮೆದುಳು ಎಚ್ಚರದಲ್ಲಿರುವಷ್ಟೇ ಚುರುಕು. ಕೈಕಾಲುಗಳ ಸ್ನಾಯುಗಳು ಮಾತ್ರ ಪೂರ್ತಿ ಸಡಿಲ.

ಈ ಸುತ್ತು ಮುಗಿಯಲು ಸುಮಾರು 90 ನಿಮಿಷ ಬೇಕು. ರಾತ್ರಿಗೆ ಇಂಥ ನಾಲ್ಕೈದು ಸುತ್ತುಗಳಾಗುತ್ತವೆ. ನೀವು ಗಮನಿಸಬೇಕಾದದ್ದು ಇಲ್ಲಿದೆ: ಗಾಢ ನಿದ್ದೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಭಾಗದಲ್ಲಿ, ಕನಸಿನ ನಿದ್ದೆಯ ಹೆಚ್ಚಿನ ಪಾಲು ಕೊನೆಯ ಭಾಗದಲ್ಲಿ. ಮೊದಲ ಸುತ್ತಿನಲ್ಲಿ ಹತ್ತು ನಿಮಿಷದಷ್ಟಿರುವ ಕನಸಿನ ನಿದ್ದೆ ಕೊನೆಯ ಸುತ್ತುಗಳಲ್ಲಿ ಅರ್ಧ ಗಂಟೆಗೂ ಮೀರಬಹುದು.

ನಷ್ಟ ಎಲ್ಲಿ?

ಹೋಳೂರು, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮನೆಗಳನ್ನೇ ನೋಡಿ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದರೆ ರಾತ್ರಿಯೂ ಸೊಪ್ಪು ಹಾಕಬೇಕು. ರಾತ್ರಿ ಕರೆಂಟು ಬಂದರೆ ತೋಟಕ್ಕೆ ನೀರು ಹಾಯಿಸಬೇಕು. ಮಾಲೂರು, ಬಂಗಾರಪೇಟೆಯವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೊರಡಬೇಕು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಓದಲೆಂದು ನಾಲ್ಕಕ್ಕೇ ಎಬ್ಬಿಸುತ್ತೇವೆ.

ನಾಲ್ಕಕ್ಕೆ ಏಳುವುದು ತಪ್ಪಲ್ಲ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವುದು ತಪ್ಪು. ಆಗ ಕಳೆದುಹೋಗುವ ಎರಡು ಮೂರು ಗಂಟೆಗಳಲ್ಲಿ ಕನಸಿನ ನಿದ್ದೆಯ ಪಾಲು ದೊಡ್ಡದು. ಕಲಿತದ್ದು ಮನಸ್ಸಿನಲ್ಲಿ ನೆಲೆಯೂರಲು ಗಾಢ ನಿದ್ದೆ, ಕನಸಿನ ನಿದ್ದೆ ಎರಡೂ ನೆರವಾಗುತ್ತವೆ. ಹಾಗಾಗಿ ನಿದ್ದೆಗೆಟ್ಟು ಓದಿದ ಮಗುವಿಗೆ ಪರೀಕ್ಷೆಯಲ್ಲಿ ಮರೆವು ಬಂದರೆ ಅದು ಸೋಮಾರಿತನವಲ್ಲ. ಕನಸಿನ ನಿದ್ದೆಯನ್ನು ತಡೆದರೆ ದೇಹ ಮುಂದಿನ ರಾತ್ರಿಗಳಲ್ಲಿ ಅದನ್ನು ಹೆಚ್ಚಾಗಿ ವಸೂಲಿ ಮಾಡಲು ನೋಡುತ್ತದೆಂದು ವಿಲಿಯಂ ಡಿಮೆಂಟ್ 1960ರಲ್ಲೇ ತೋರಿಸಿದರು.

ಬೆಂಗಳೂರಿನ ಸಂಶೋಧನೆ

ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ವಿಪಶ್ಯನ ಧ್ಯಾನ ಮಾಡುವವರ ನಿದ್ದೆಯನ್ನು ಯಂತ್ರಗಳಿಂದ ಅಳೆದು 2006 ಮತ್ತು 2010ರಲ್ಲಿ ವರದಿ ಪ್ರಕಟಿಸಿದರು. ಧ್ಯಾನ ಮಾಡದವರಿಗಿಂತ ಇವರಲ್ಲಿ ಗಾಢ ನಿದ್ದೆ ಮತ್ತು ಕನಸಿನ ನಿದ್ದೆ ಹೆಚ್ಚಾಗಿತ್ತು. ಇವರು ದೀರ್ಘಕಾಲ ಅಭ್ಯಾಸ ಮಾಡಿದವರು. ನಾಲ್ಕು ದಿನ ಕಣ್ಮುಚ್ಚಿ ಕುಳಿತರೆ ಅದೇ ಫಲ ಸಿಗುತ್ತದೆಂದು ತಿಳಿಯಬೇಡಿ.

ವೈದ್ಯರಿಗೆ ತೋರಿಸಿ

ಜೋರು ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿಬಿದ್ದು ಏಳುವವರು, ಹಗಲೆಲ್ಲ ತೂಕಡಿಸುವವರು ತಡಮಾಡಬಾರದು. ಇದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯಿರಬಹುದು. ರಕ್ತದೊತ್ತಡ, ಹೃದಯದ ತೊಂದರೆಗೂ ನಂಟಿದೆ. ಮನೆಯ ಹಿರಿಯರು ಕನಸು ಕಂಡಂತೆ ನಿದ್ದೆಯಲ್ಲೇ ಕೂಗಿ, ಗುದ್ದಿ, ಒದೆಯುತ್ತಿದ್ದರೆ ದೆವ್ವ, ಗಾಳಿಯೆಂದು ತಾಯಿತ ಕಟ್ಟಿಸಬೇಡಿ. ಕನಸಿನ ನಿದ್ದೆಯಲ್ಲಿ ಸಡಿಲವಾಗಬೇಕಾದ ಸ್ನಾಯುಗಳು ಸಡಿಲವಾಗದೆ ಹೀಗಾಗುತ್ತದೆ. ಕೆಲವರಲ್ಲಿ ಇದು ಪಾರ್ಕಿನ್‌ಸನ್ ಕಾಯಿಲೆಯ ಮುನ್ಸೂಚನೆಯೂ ಆಗಬಹುದು. ನರರೋಗ ತಜ್ಞರನ್ನು ಕಾಣಿ.

ನೀವು ಮಾಡಬಹುದಾದದ್ದು

* ವಯಸ್ಕರಿಗೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೇಗ ಏಳಬೇಕಾದರೆ ಒಂಬತ್ತಕ್ಕೇ ದೀಪ ಆರಿಸಿ.
* ದಿನವೂ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ.
* ನಿದ್ದೆ ಬರಲೆಂದು ಮದ್ಯ ಕುಡಿಯಬೇಡಿ. ಅದು ಕನಸಿನ ನಿದ್ದೆಯನ್ನು ತಗ್ಗಿಸುತ್ತದೆ.
* ಸಂಜೆಯ ನಂತರ ಕಾಫಿ, ಟೀ ಬೇಡ. ಮೊಬೈಲ್ ದಿಂಬಿನಿಂದ ದೂರವಿರಲಿ.
* ರಾತ್ರಿ ಪಾಳಿ ಮುಗಿಸಿ ಬಂದವರನ್ನು ಹಗಲಿನಲ್ಲಿ ಪದೇ ಪದೇ ಎಬ್ಬಿಸಬೇಡಿ. ಕೋಣೆ ಕತ್ತಲಾಗಿರಲಿ.
* ಸೊಪ್ಪು ಹಾಕುವ, ನೀರು ಕಟ್ಟುವ ಕೆಲಸವನ್ನು ಮನೆಯವರು ಸರದಿಯಂತೆ ಹಂಚಿಕೊಳ್ಳಿ. ಒಬ್ಬರೇ ದಿನವೂ ನಿದ್ದೆಗೆಡುವುದು ತಪ್ಪುತ್ತದೆ.